ಸ್ಕೂಲ್ ಡಿಸ್ಟ್ರಿಕ್ಟಿನ ಸಿಬ್ಬಂದಿ ಬ್ರ್ಯಾಂಡ್ ಕೈಪಿಡಿಯನ್ನು ಪಾಲಿಸುವಂತೆ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆಯ ಎರಡು ಸಾಲು ಓದುವಷ್ಟರಲ್ಲಿಯೇ ಏಳು ವರ್ಷಗಳ ಹಿಂದೆ ನಾನು ಕುಳಿತಿದ್ದ ಮೇಜು ಕಣ್ಣ ಮುಂದೆ ಬಂದು ನಿಂತಿತು. ಅಮೆರಿಕದ ಒಂದು ಸ್ಕೂಲ್ ಡಿಸ್ಟ್ರಿಕ್ಟಿನ, ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಯ, ಸಂವಹನ ವಿಭಾಗಕ್ಕೆ ಹೊಸದಾಗಿ ಸೇರಿದ್ದೀರಿ. ಒಂಬತ್ತು ಶಾಲೆಗಳು ಒಂಬತ್ತು ಬಗೆಯ ಲೋಗೋ ಬಳಸುತ್ತಿವೆ. ಲೋಗೋ, ಬಣ್ಣ, ಅಕ್ಷರ ಹೇಗಿರಬೇಕೆಂದು ಹೇಳುವ ಬ್ರ್ಯಾಂಡ್ ಕೈಪಿಡಿಯನ್ನು ಸಿಬ್ಬಂದಿ ಪಾಲಿಸಲೆಂದು, ಪ್ರತಿ ಪತ್ರವೂ ನಿಮ್ಮ ಒಪ್ಪಿಗೆ ಪಡೆದೇ ಹೊರಗೆ ಹೋಗಬೇಕೆಂಬ ನಿಯಮ ಮಾಡಬಹುದೇ ಎಂದು ಕೇಳಿದ್ದೀರಿ. ಆ ನಿಯಮವನ್ನು ನಾನು ಮಾಡಿದ್ದೆ. ಅದರಿಂದ ಏನಾಯಿತು ಎಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ನನ್ನ ಸಲಹೆಯೆಲ್ಲ ಅಲ್ಲಿಂದಲೇ ಬಂದದ್ದು.

ನಾನು ಅದಕ್ಕೂ ಮೊದಲು ಎಂಟು ವರ್ಷ ಮಾಧ್ಯಮಿಕ ಶಾಲೆಯಲ್ಲಿ ಪಾಠ ಮಾಡಿದವನು. ಚೆನ್ನಾಗಿ ಬರೆಯುತ್ತಾನೆ, ಕಂಪ್ಯೂಟರಿನಲ್ಲಿ ಪುಟ ವಿನ್ಯಾಸ ಮಾಡಬಲ್ಲ ಎಂಬ ಎರಡೇ ಅರ್ಹತೆಯ ಮೇಲೆ ನನ್ನನ್ನು ಡಿಸ್ಟ್ರಿಕ್ಟ್ ಕಚೇರಿಗೆ ಕರೆಸಿಕೊಂಡಿದ್ದರು. ಸೇರಿದ ಎರಡನೆಯ ತಿಂಗಳಲ್ಲಿ ನಡೆದ, ಡಿಸ್ಟ್ರಿಕ್ಟಿನ ಆಡಳಿತ ಮಂಡಳಿಯಾದ ಸ್ಕೂಲ್ ಬೋರ್ಡಿನ ಸಭೆಯಲ್ಲಿ ಸದಸ್ಯರೊಬ್ಬರು ಬೇರೆ ಬೇರೆ ಶಾಲೆಗಳಿಂದ ಮನೆಗೆ ಬಂದ ಪತ್ರಗಳನ್ನು ಮೇಜಿನ ಮೇಲೆ ಇಸ್ಪೀಟು ಎಲೆಗಳಂತೆ ಹರಡಿ, "ಇವೆಲ್ಲ ಒಂದೇ ಸಂಸ್ಥೆಯವೇ?" ಎಂದು ಕೇಳಿದರು. ಒಂದರಲ್ಲಿ ಲೋಗೋ ಅಗಲಕ್ಕೆ ಹಿಗ್ಗಿ ಅದರಲ್ಲಿರುವ ನಮ್ಮ ಹದ್ದು ಬಾತುಕೋಳಿಯಂತೆ ಕಾಣುತ್ತಿತ್ತು. ಇನ್ನೊಂದರಲ್ಲಿ ಇದ್ದ ಮ್ಯಾಸ್ಕಾಟ್, ಅಂದರೆ ಶಾಲೆಯ ಗುರುತಿನ ಚಿತ್ರ, ಒಂದು ವಿಶ್ವವಿದ್ಯಾಲಯದ ಚಿಹ್ನೆಯನ್ನು ಹೆಚ್ಚುಕಡಿಮೆ ಹಾಗೆಯೇ ಎತ್ತಿಕೊಂಡದ್ದಾಗಿತ್ತು. (ಇದನ್ನು ಮಾತ್ರ ನೀವು ತಡಮಾಡದೆ ಪರಿಶೀಲಿಸಿ; ವಿಶ್ವವಿದ್ಯಾಲಯಗಳ ಚಿಹ್ನೆಗಳು ಸಾಮಾನ್ಯವಾಗಿ ನೋಂದಾಯಿತ ಟ್ರೇಡ್‌ಮಾರ್ಕ್‌ಗಳು, ವಕೀಲರ ಪತ್ರ ಬಂದ ಮೇಲೆ ಜಿಮ್ನಾಶಿಯಂ ನೆಲದ ಮೇಲೆ ಬಳಿದ ಚಿಹ್ನೆಯನ್ನು ಕೆರೆದು ತೆಗೆಯುವ ಖರ್ಚು ಸಣ್ಣದಲ್ಲ.) ಡಿಸ್ಟ್ರಿಕ್ಟಿನ ಮುಖ್ಯಾಧಿಕಾರಿಯಾದ ಸೂಪರಿಂಟೆಂಡೆಂಟರು ನನ್ನ ಕಡೆ ನೋಡಿದರು. ನಾನು ಆ ಬೇಸಿಗೆಯಿಡೀ ಕುಳಿತು 52 ಪುಟಗಳ ಕೈಪಿಡಿ ಬರೆದೆ.

ಅದು ನೋಡಲು ಬಹಳ ಚೆನ್ನಾಗಿತ್ತು ಎಂಬುದನ್ನು ಈಗಲೂ ಒಪ್ಪುತ್ತೇನೆ. ಮುದ್ರಣಕ್ಕೆ ಒಂದು ಬಣ್ಣದ ಸಂಖ್ಯೆ, ಪರದೆಗೆ ಇನ್ನೊಂದು, ಲೋಗೋದ ಸುತ್ತ ಬಿಡಬೇಕಾದ ಖಾಲಿ ಜಾಗದ ಅಳತೆ, ಎರಡು ಫಾಂಟ್‌ಗಳು, ಮಾಡಬಾರದ ಹನ್ನೆರಡು ತಪ್ಪುಗಳ ಚಿತ್ರ, ಹೀಗೆ ಯಾವುದನ್ನೂ ಬಿಟ್ಟಿರಲಿಲ್ಲ. ನನ್ನನ್ನು ಮುಳುಗಿಸಿದ್ದು 31ನೆಯ ಪುಟದ ಒಂದು ವಾಕ್ಯ. ಪಾಲಕರಿಗೆ ಹೋಗುವ ಪ್ರತಿಯೊಂದು ಸೂಚನೆಯನ್ನೂ ನಾನು ಕೊಟ್ಟ ಟೆಂಪ್ಲೇಟಿನಲ್ಲಿ ಬರೆದು, ಅದನ್ನು ಚಿತ್ರವಾಗಿ ಉಳಿಸಿ, ಇಮೇಲಿನೊಳಗೆ ಆ ಚಿತ್ರವನ್ನು ಇಟ್ಟು ಕಳುಹಿಸಬೇಕು, ಕಳುಹಿಸುವ ಮುನ್ನ ನನ್ನ ಒಪ್ಪಿಗೆ ಪಡೆಯಬೇಕು ಎಂದು ಅಲ್ಲಿ ಬರೆದಿದ್ದೆ.

ಈ ವಾಕ್ಯ ಎಲ್ಲಿಂದ ಬಂತು ಎಂಬುದನ್ನು ವಿವರಿಸಲೇಬೇಕು, ಏಕೆಂದರೆ ನೀವೂ ಅದೇ ದಾರಿಯಲ್ಲಿ ಹೊರಟಿದ್ದೀರಿ. ನಾವು ಆರಿಸಿದ ಫಾಂಟ್ ಪಾಲಕರ ಫೋನಿನಲ್ಲಿ ಇರುವುದಿಲ್ಲ. ಇಮೇಲ್ ತೆರೆದಾಗ ಅದು ಬೇರೆ ಯಾವುದೋ ಅಕ್ಷರಕ್ಕೆ ಬದಲಾಗುತ್ತದೆ, ಸಾಲುಗಳು ಮುರಿಯುತ್ತವೆ, ಲೋಗೋ ಕೆಳಗೆ ಜಾರುತ್ತದೆ. ಶಿಕ್ಷಕರೂ ಟೆಂಪ್ಲೇಟ್ ತೆರೆದ ಕೂಡಲೇ ತಮಗಿಷ್ಟವಾದ ಬಣ್ಣ ಬಳಿಯುತ್ತಾರೆ. ಚಿತ್ರವಾಗಿ ಉಳಿಸಿಬಿಟ್ಟರೆ ಯಾರೂ ಏನನ್ನೂ ಬದಲಾಯಿಸಲಾರರು, ನಾನು ಕಂಡದ್ದನ್ನೇ ಪಾಲಕರೂ ಕಾಣುತ್ತಾರೆ ಎಂದು ಲೆಕ್ಕ ಹಾಕಿದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಕಣ್ಣಿಗೆ ಕಾಣುವುದೇ ಓದುವುದು ಎಂದು ನಾನು ಎಣಿಸಿದ್ದು ತಪ್ಪಾಗಿತ್ತು. ಚಿತ್ರದೊಳಗಿನ ಅಕ್ಷರ ನಮ್ಮ ಯಂತ್ರಗಳಿಗೆ ಅಕ್ಷರವಾಗಿರಲಿಲ್ಲ, ಬರಿಯ ಬಣ್ಣದ ಚುಕ್ಕಿಗಳಾಗಿತ್ತು. ಅನುವಾದ ಮಾಡುವ ತಂತ್ರಾಂಶ ಇಮೇಲಿನ ಪಠ್ಯವನ್ನು ಮಾತ್ರ ಅನುವಾದಿಸುತ್ತಿತ್ತು. ಫೋನಿಗೆ ಪಠ್ಯ ಸಂದೇಶ ಕಳುಹಿಸುವ ವ್ಯವಸ್ಥೆ ಪಠ್ಯವನ್ನು ಮಾತ್ರ ಎತ್ತಿಕೊಳ್ಳುತ್ತಿತ್ತು. ದೃಷ್ಟಿಯಿಲ್ಲದವರು ಬಳಸುವ ಸ್ಕ್ರೀನ್ ರೀಡರ್ ತಂತ್ರಾಂಶ ಸಾಮಾನ್ಯವಾಗಿ ಪಠ್ಯವನ್ನು ಮಾತ್ರ ಓದಿ ಹೇಳುತ್ತದೆ. ಹಲವು ಇಮೇಲ್ ಖಾತೆಗಳು ಚಿತ್ರಗಳನ್ನು ಕೇಳದೆ ತೋರಿಸುವುದೂ ಇಲ್ಲ. ನಾಲ್ಕು ತಿಂಗಳು ಇದಾವುದೂ ನನ್ನ ಗಮನಕ್ಕೆ ಬರಲಿಲ್ಲ, ಏಕೆಂದರೆ ಹೊಗಳಿಕೆ ಬರುತ್ತಿದ್ದುದು ಚಿತ್ರವನ್ನು ನೋಡಬಲ್ಲ, ಇಂಗ್ಲಿಷ್ ಓದಬಲ್ಲ ಜನರಿಂದ.

ಜನವರಿಯ ಒಂದು ಬೆಳಿಗ್ಗೆ ನಮ್ಮ ಪ್ರಾಥಮಿಕ ಶಾಲೆಯೊಂದರಲ್ಲಿ ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರ್ ಕೆಟ್ಟಿತು. ಹನ್ನೊಂದೂವರೆಗೆ ಮಕ್ಕಳನ್ನು ಮನೆಗೆ ಬಿಡುವುದೆಂದು ಪ್ರಿನ್ಸಿಪಾಲರು ತೀರ್ಮಾನಿಸಿ, ಮೂರು ವಾಕ್ಯದ ಸೂಚನೆ ಬರೆದು ಕಚೇರಿಯ ಕಾರ್ಯದರ್ಶಿಗೆ ಕೊಟ್ಟರು. ಆ ಮೂರು ವಾಕ್ಯಗಳಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ: ಏನಾಯಿತು, ಮಕ್ಕಳನ್ನು ಎಷ್ಟು ಹೊತ್ತಿಗೆ ಬಿಡುತ್ತೇವೆ, ಮನೆಯಲ್ಲಿ ಯಾರೂ ಇಲ್ಲದಿದ್ದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು. ಕಾರ್ಯದರ್ಶಿ ನನ್ನ ಕೈಪಿಡಿಯನ್ನು ಅಕ್ಷರಶಃ ಪಾಲಿಸುವ ಹೆಂಗಸು. ಟೆಂಪ್ಲೇಟ್ ತೆರೆದು, ಅದರಲ್ಲಿ ಸೂಚನೆಯನ್ನು ಅಂಟಿಸಿ, ಒಪ್ಪಿಗೆಗಾಗಿ ನನಗೆ ಕಳುಹಿಸಿದರು. ನಾನು ಅದನ್ನು ತೆರೆದು ನೋಡಿದೆ. ಮೂರನೆಯ ವಾಕ್ಯ ಲೋಗೋಗೆ ತಾಗುತ್ತಿತ್ತು. ನಾನು ಅವರಿಗೆ ಫೋನ್ ಮಾಡಿ, ಲೋಗೋದ ಸುತ್ತ ಜಾಗ ಸಾಲದು, ಸರಿಪಡಿಸಿ ಮತ್ತೊಮ್ಮೆ ಕಳುಹಿಸಿ ಎಂದೆ. ಅವರು, "ಸರ್, ಬಸ್ಸುಗಳು ಹನ್ನೊಂದೂಕಾಲಿಗೆ ಬಂದು ನಿಲ್ಲುತ್ತವೆ" ಎಂದರು. "ಐದೇ ನಿಮಿಷದ ಕೆಲಸ" ಎಂದು ನಾನು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ. ಅವರಿಗೆ ಅದು ಇಪ್ಪತ್ತೆರಡು ನಿಮಿಷ ಹಿಡಿಯಿತು.

ಆ ಇಪ್ಪತ್ತೆರಡು ನಿಮಿಷದ ನಂತರ ಹೊರಟ ಇಮೇಲಿನಲ್ಲಿ ಪಠ್ಯವಾಗಿ ಇದ್ದದ್ದು ಒಂದೇ ಸಾಲು: ದಯವಿಟ್ಟು ಕೆಳಗಿನ ಸೂಚನೆಯನ್ನು ನೋಡಿ. ನಮ್ಮ ಸಂದೇಶ ವ್ಯವಸ್ಥೆ ಆ ಸಾಲನ್ನು ಸ್ಪ್ಯಾನಿಷ್‌ಗೆ ಅಚ್ಚುಕಟ್ಟಾಗಿ ಅನುವಾದಿಸಿ, ಪಠ್ಯ ಸಂದೇಶವಾಗಿಯೂ ಕಳುಹಿಸಿತು. ಫೋನಿನಲ್ಲಿ ಅದರ ಕೆಳಗೆ ಏನೂ ಇರಲಿಲ್ಲ.

ಎರಡನೆಯ ತರಗತಿಯ ಹುಡುಗಿಯೊಬ್ಬಳು ಬಸ್ಸಿನಿಂದ ಇಳಿದು, ಬೀಗ ಹಾಕಿದ ಮನೆಯ ಮೆಟ್ಟಿಲ ಮೇಲೆ ಹಿಮದಲ್ಲಿ ಕುಳಿತಿದ್ದಳು. ಪಕ್ಕದ ಮನೆಯವರು ಕಂಡು ಒಳಗೆ ಕರೆದುಕೊಂಡದ್ದರಿಂದ ಅನಾಹುತ ತಪ್ಪಿತು. ಮರುದಿನ ಅವಳ ತಂದೆ ಕೆಲಸದ ಬಟ್ಟೆಯಲ್ಲೇ ಡಿಸ್ಟ್ರಿಕ್ಟ್ ಕಚೇರಿಗೆ ಬಂದರು. ಕೂಗಾಡಲಿಲ್ಲ. ಫೋನನ್ನು ನನ್ನ ಮುಂದೆ ಹಿಡಿದು, ಆ ಸಂದೇಶವನ್ನು ಬೆರಳಿನಿಂದ ಮೇಲಕ್ಕೆ ಸರಿಸಿ, ಮತ್ತೆ ಕೆಳಕ್ಕೆ ಸರಿಸಿ, "ಎಲ್ಲಿದೆ?" ಎಂದು ಕೇಳಿದರು. ಅದೇ ವಾರ ದೃಷ್ಟಿಯಿಲ್ಲದ ತಾಯಿಯೊಬ್ಬರು ಕರೆ ಮಾಡಿ, ಶಾಲೆಯ ಇಮೇಲುಗಳು ನಾಲ್ಕು ತಿಂಗಳಿಂದ ತಮಗೆ ಬರಿಯ "ಇಮೇಜ್" ಎಂದು ಕೇಳಿಸುತ್ತಿವೆ ಎಂದರು. ಅಲ್ಲಿಯವರೆಗೆ ದೂರದಲ್ಲಿದ್ದ ಕಾನೂನುಗಳೆಲ್ಲ ಆ ವಾರ ನನ್ನ ಮೇಜಿಗೆ ಬಂದವು. 1964ರ ನಾಗರಿಕ ಹಕ್ಕು ಕಾಯಿದೆಯ ಆರನೆಯ ಅಧ್ಯಾಯದ ಪ್ರಕಾರ, ಇತರ ಪಾಲಕರಿಗೆ ತಿಳಿಸುವ ವಿಷಯವನ್ನು ಇಂಗ್ಲಿಷ್ ಅಷ್ಟಾಗಿ ಬಾರದ ಪಾಲಕರಿಗೂ ಅರ್ಥವಾಗುವ ಭಾಷೆಯಲ್ಲಿ ಶಾಲೆ ತಿಳಿಸಬೇಕು. ಅಂಗವಿಕಲರ ಹಕ್ಕುಗಳ 1990ರ ಕಾಯಿದೆ ಸರ್ಕಾರಿ ಶಾಲೆಗಳಿಗೂ ಅನ್ವಯಿಸುತ್ತದೆ. ಆಮೇಲೆ ಅದರಡಿ 2024ರಲ್ಲಿ ಬಂದ ನಿಯಮವಂತೂ ಜಾಲತಾಣಗಳಿಗೆ, ಅಂಗವಿಕಲರೂ ಬಳಸುವಂತೆ ಪುಟಗಳನ್ನು ಮಾಡುವುದು ಹೇಗೆಂದು ಹೇಳುವ ಡಬ್ಲ್ಯುಸಿಎಜಿ 2.1 ಮಾರ್ಗಸೂಚಿಯ ಎಎ ಮಟ್ಟವನ್ನೇ ಅಳತೆಗೋಲಾಗಿ ಹೆಸರಿಸಿದೆ. ನನ್ನ 52 ಪುಟಗಳಲ್ಲಿ ಈ ಎರಡು ಕಾಯಿದೆಗಳ ಸುದ್ದಿಯೂ ಇರಲಿಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸಿಬ್ಬಂದಿ ಪಾಲಿಸುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಯೇ ಸರಿಯಿಲ್ಲವೆಂದು ನನ್ನ ಅಭಿಪ್ರಾಯ. ಆ ಶಾಲೆಯ ಕಾರ್ಯದರ್ಶಿ ಪೂರ್ತಿಯಾಗಿ ಪಾಲಿಸಿದ್ದರಿಂದಲೇ ಆ ಎಡವಟ್ಟಾಯಿತು. ಆ ದಿನ ಕೈಪಿಡಿಯನ್ನು ಕಸದ ಬುಟ್ಟಿಗೆ ಎಸೆದು ಮೂರು ವಾಕ್ಯ ಟೈಪ್ ಮಾಡಿ ಕಳುಹಿಸುವ ಒರಟ ಶಿಕ್ಷಕನೊಬ್ಬ ಆ ಕುರ್ಚಿಯಲ್ಲಿದ್ದಿದ್ದರೆ ಹುಡುಗಿಯ ತಂದೆಗೆ ಸುದ್ದಿ ಮುಟ್ಟುತ್ತಿತ್ತು. ಶಿಕ್ಷಕರು ಲೋಗೋವನ್ನು ಹಿಗ್ಗಿಸುವುದು ಉಡಾಫೆಯಿಂದಲ್ಲ. ಸರಿಯಾದ ಫೈಲ್ ಅವರ ಕೈಗೆ ಸಿಗುವುದಿಲ್ಲ, ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಮಸುಕು ಚಿತ್ರವನ್ನು ಅಂಟಿಸುತ್ತಾರೆ, ಅದು ಸಣ್ಣದಾದ್ದರಿಂದ ಎಳೆಯುತ್ತಾರೆ. ಫೈಲ್ ಒದಗಿಸದ ನಾವು ಅವರ ಮೇಲೆ ನಿಯಮ ಹೇರುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಹಿನ್ನೆಲೆಯಿಲ್ಲದ ಪಿಎನ್‌ಜಿ ಒಂದು, ಮುದ್ರಕರಿಗೆ ಕೊಡಲು ಎಷ್ಟು ಹಿಗ್ಗಿಸಿದರೂ ಒಡೆಯದ ವೆಕ್ಟರ್ ಫೈಲ್ ಒಂದು, ಪ್ರತಿ ಶಾಲೆಗೂ ಇವೆರಡನ್ನು ಒಂದೇ ಕಡೆ ಇಟ್ಟು, ಪಾಸ್‌ವರ್ಡ್ ಕೇಳದ ಕೊಂಡಿಯನ್ನು ಕೊಟ್ಟುಬಿಡಿ. ನಮ್ಮಲ್ಲಿ ಬಾತುಕೋಳಿಗಳು ಮಾಯವಾದದ್ದು ಕೈಪಿಡಿಯಿಂದಲ್ಲ, ಆ ಕೊಂಡಿಯಿಂದ.

ಒಪ್ಪಿಗೆಯ ನಿಯಮವನ್ನು ಮಾಡಲೇಬೇಡಿ. ಹಣ ಕೊಟ್ಟು ಮುದ್ರಿಸುವ ಫಲಕ, ಬ್ಯಾನರ್, ಸಮವಸ್ತ್ರಗಳಿಗೆ ಬೇಕಾದರೆ ಇಟ್ಟುಕೊಳ್ಳಿ. ದಿನನಿತ್ಯದ ಪತ್ರಕ್ಕೆ ಇಟ್ಟರೆ ಎರಡೇ ಸಾಧ್ಯತೆ: ಒಂದೋ ನೀವು ಎಲ್ಲರ ದಾರಿಗೆ ಅಡ್ಡ ಕೂರುತ್ತೀರಿ, ಇಲ್ಲವೇ ಶಿಕ್ಷಕರು ನಿಮ್ಮ ಕಣ್ಣು ತಪ್ಪಿಸಿ ಸ್ವಂತ ಖಾತೆಗಳಿಂದ ಪಾಲಕರಿಗೆ ಬರೆಯತೊಡಗುತ್ತಾರೆ. ಎರಡನೆಯದು ಹೆಚ್ಚು ಅಪಾಯಕಾರಿ. ಕ್ಯಾಲಿಫೋರ್ನಿಯಾದ ಪೋವೇ ಎಂಬಲ್ಲಿ ಸ್ಕೂಲ್ ಬೋರ್ಡ್ ಸದಸ್ಯರಿಬ್ಬರು ತಮ್ಮ ಸಾಮಾಜಿಕ ಜಾಲತಾಣದ ಪುಟಗಳಲ್ಲಿ ಇಬ್ಬರು ಪಾಲಕರನ್ನು ಬ್ಲಾಕ್ ಮಾಡಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2024ರ ಮಾರ್ಚ್‌ನಲ್ಲಿ, ಅದರ ಜೊತೆಗೇ ವಿಚಾರಣೆಗೆ ಬಂದ ಇನ್ನೊಂದು ಪ್ರಕರಣದಲ್ಲಿ ನ್ಯಾಯಾಲಯ ಅಳತೆಗೋಲನ್ನು ಹೇಳಿತು: ಸಂಸ್ಥೆಯ ಪರವಾಗಿ ಮಾತನಾಡುವ ಅಧಿಕಾರ ನಿಜವಾಗಿ ಇದ್ದು, ಅದನ್ನೇ ಬಳಸಿ ಮಾತನಾಡುತ್ತಿರುವಂತೆ ಬರೆದರೆ ಆ ಮಾತು ಸರ್ಕಾರದ ಮಾತಾಗುತ್ತದೆ. ಹಾಗಾಗಿ ನಿಮ್ಮ ಕೈಪಿಡಿಯಲ್ಲಿ ಫಾಂಟಿನ ಪುಟಕ್ಕಿಂತ ಮೊದಲು, ಶಾಲೆಯ ಕೆಲಸಕ್ಕೆ ಶಾಲೆಯ ಖಾತೆ, ಸ್ವಂತ ಮಾತಿಗೆ ಸ್ವಂತ ಖಾತೆ, ಎರಡನ್ನೂ ಬೆರೆಸಬೇಡಿ ಎಂಬ ಸಾಲು ಇರಲಿ.

ನಾನು ಮತ್ತೆ ಬರೆದ ಕೈಪಿಡಿ ಒಂದು ಹಾಳೆಯ ಎರಡು ಬದಿ ಮಾತ್ರ. ಅದರ ಜೊತೆಗೆ ಒಂದು ಕಂತೆಯಿದೆ, ಮತ್ತು ನಿಜವಾದ ಕೆಲಸವಾಗಿರುವುದು ಆ ಕಂತೆಯಲ್ಲಿ. ಶಾಲೆ ಬೇಗ ಬಿಡುವುದು, ರಜೆ, ಬಸ್ ತಡ, ಭದ್ರತೆಯ ತೊಂದರೆ ಇವುಗಳಿಗೆ ಸಂದೇಶಗಳನ್ನು ಮೊದಲೇ ಬರೆದು, ನಮ್ಮ ಕುಟುಂಬಗಳ ಭಾಷೆಗಳಿಗೆ ಬಲ್ಲ ಅನುವಾದಕರಿಂದ ಅನುವಾದ ಮಾಡಿಸಿ, ಶಾಲೆಯ ಹೆಸರಿಗೂ ಹೊತ್ತಿಗೂ ಜಾಗ ಖಾಲಿ ಬಿಟ್ಟು ಇಟ್ಟಿದ್ದೇವೆ. ತುರ್ತಿನಲ್ಲಿ ಯಾರೂ ಬರೆಯುವುದಿಲ್ಲ, ತುಂಬುತ್ತಾರೆ ಅಷ್ಟೆ. ಭದ್ರತೆಯ ಸಂದೇಶಗಳಲ್ಲಿ ಪದಗಳ ಬಗ್ಗೆ ನೀವು ಲೋಗೋಗಿಂತ ಹತ್ತುಪಟ್ಟು ಕಟ್ಟುನಿಟ್ಟಾಗಿರಿ. ನಮ್ಮಲ್ಲಿ "ಸೆಕ್ಯೂರ್" ಎಂದರೆ ಅಪಾಯ ಹೊರಗಿದೆ, ಹೊರಬಾಗಿಲು ಹಾಕಿ ಪಾಠ ಮುಂದುವರಿದಿದೆ ಎಂದರ್ಥ. "ಲಾಕ್‌ಡೌನ್" ಎಂದರೆ ಅಪಾಯ ಕಟ್ಟಡದೊಳಗಿದೆ ಎಂದರ್ಥ. ಮೊದಲನೆಯದು ನಡೆದಾಗ ಯಾರೋ ಎರಡನೆಯ ಪದ ಬರೆದರೆ, ಅರ್ಧ ಗಂಟೆಯಲ್ಲಿ ನೂರಾರು ಪಾಲಕರು ಗೇಟಿನ ಮುಂದೆ ನಿಂತು ಪೊಲೀಸರ ವಾಹನಕ್ಕೂ ದಾರಿಯಿರುವುದಿಲ್ಲ.

ಫೋಟೋಗಳ ವಿಷಯ ನೀವು ಕೇಳಿಲ್ಲ, ಆದರೂ ಒಂದು ಮಾತು. ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆ ಕಾಯುವ 1974ರ ಫೆರ್ಪಾ ಕಾಯಿದೆಯಡಿ ವಿದ್ಯಾರ್ಥಿಯ ಹೆಸರು, ಫೋಟೋ ಮುಂತಾದವನ್ನು ಡಿಸ್ಟ್ರಿಕ್ಟ್ "ಡೈರೆಕ್ಟರಿ ಮಾಹಿತಿ" ಎಂದು ಘೋಷಿಸಿ ಪ್ರಕಟಿಸಬಹುದು, ಆದರೆ ಬೇಡವೆನ್ನಲು ಪಾಲಕರಿಗೆ ಅವಕಾಶ ಕೊಟ್ಟಿರಲೇಬೇಕು. ಬೇಡವೆಂದವರ ಪಟ್ಟಿ ಕಚೇರಿಯ ಬೀರುವಿನಲ್ಲಿರುತ್ತದೆ, ಫೋಟೋ ತೆಗೆಯುವ ಶಿಕ್ಷಕಿ ಆಟದ ಮೈದಾನದಲ್ಲಿರುತ್ತಾರೆ. ಪಟ್ಟಿ ಅವರ ಕೈಗೆ ಹೇಗೆ ತಲುಪುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ.

ಕೊನೆಗೆ, ನಿಮ್ಮ ಪ್ರಿನ್ಸಿಪಾಲರೊಬ್ಬರು ಹೊಂಬಣ್ಣದ ಮೇಲೆ ಬಿಳಿ ಅಕ್ಷರವೇ ಬೇಕೆಂದು ಹಟ ಹಿಡಿದಿದ್ದಾರೆ, ಬಿಟ್ಟುಕೊಡಲೇ ಎಂದು ಕೇಳಿದ್ದೀರಿ. ಬಿಡಬೇಡಿ. ಇಷ್ಟೆಲ್ಲ ಆದ ಮೇಲೂ ನಾನು ಜಗಳವಾಡುವ ಒಂದೇ ಬಣ್ಣದ ನಿಯಮ ಇದು. ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು. ಸಾಮಾನ್ಯ ಹೊಂಬಣ್ಣದ ಮೇಲೆ ಬಿಳಿ ಇಟ್ಟರೆ ಅದು 2ನ್ನೂ ಮುಟ್ಟುವುದಿಲ್ಲ. ವಾದಕ್ಕೆ ಇಳಿಯಬೇಡಿ. ಅವರ ನ್ಯೂಸ್‌ಲೆಟರನ್ನು ಫೋನಿನಲ್ಲಿ ತೆರೆದು, ಮಧ್ಯಾಹ್ನದ ಬಿಸಿಲಿನಲ್ಲಿ ಮಕ್ಕಳನ್ನು ಕರೆದೊಯ್ಯಲು ಕಾರುಗಳು ಸಾಲುಗಟ್ಟಿರುವ ಜಾಗಕ್ಕೆ ಅವರನ್ನೇ ಕರೆದುಕೊಂಡು ಹೋಗಿ, ಓದಿ ಹೇಳಿ ಎನ್ನಿ. ಹೀಗೆಯೇ ಹಟ ಹಿಡಿದಿದ್ದ ನಮ್ಮ ಪ್ರಿನ್ಸಿಪಾಲರು ಎರಡನೆಯ ಸಾಲಿಗೆ ಫೋನನ್ನು ನನ್ನ ಕೈಗೆ ಕೊಟ್ಟು, "ಕಡುನೀಲಿ ಮಾಡಿಸಿ" ಎಂದು ಒಳಗೆ ಹೋದರು.