ಓದುಗರ ಪ್ರಶ್ನೆ: ರೇಡಿಯೋದಲ್ಲಿ ಅಗ್ನಿಶಾಮಕ ಠಾಣೆ

ಪ್ರಶ್ನೆ: ಹಳೆಯ ಆಕಾಶವಾಣಿ ಪ್ರಹಸನಗಳ ಧಾಟಿಯಲ್ಲಿ, ಅಗ್ನಿಶಾಮಕ ಸಿಬ್ಬಂದಿಯ ದಿನಚರಿ ಕುರಿತು 15 ನಿಮಿಷದ ನಗೆನಾಟಕ ಬರೆಯುತ್ತಿದ್ದೇವೆ. ಏಪ್ರಿಲ್‌ನ ಅಗ್ನಿಶಾಮಕ ಸಪ್ತಾಹಕ್ಕೆ ಸಿದ್ಧವಾಗಬೇಕು. ನಗು ಎಲ್ಲಿಂದ ತರುವುದು?
– ಹವ್ಯಾಸಿ ತಂಡ, ಶಿರಸಿ

ಉತ್ತರ: ಬೆಂಕಿಯಿಂದಂತೂ ಬೇಡ. ಸಪ್ತಾಹ ಶುರುವಾಗುವ ಏಪ್ರಿಲ್ 14, 1944ರಲ್ಲಿ ಮುಂಬೈ ಬಂದರಿನ ಹಡಗು ಸ್ಫೋಟದಲ್ಲಿ 66 ಅಗ್ನಿಶಾಮಕರು ಮಡಿದ ದಿನ. ನಗು ಸಿಗುವುದು ಕರೆಗೆ ಕಾಯುವಾಗ, ಇಲ್ಲವೇ ಕೆಲಸ ಮುಗಿದ ಮೇಲೆ. ತಾಳಮದ್ದಳೆ ಕೇಳಿದ ಊರಿನವರು ನೀವು, ವೇಷವಿಲ್ಲದೆ ಮಾತಲ್ಲೇ ಪಾತ್ರ ಕಟ್ಟುವುದು ಗೊತ್ತಿರುತ್ತದೆ. ಕಿವಿ ಎಡವುವ ಮಾತುಗಳನ್ನು ಹುಡುಕಿ. ಕವಾಯತಿನ ಕೊನೆಯ ಆಜ್ಞೆ ‘ನಾಕ್ ಆಫ್ ಅಂಡ್ ಮೇಕ್ ಅಪ್’: ನೀರು ನಿಲ್ಲಿಸಿ, ಹೋಸ್ (ನೀರು ಹಾಯಿಸುವ ಪೈಪು) ಸುತ್ತಿ, ಸಾಮಾನು ಗಾಡಿಗೇರಿಸಿ ಎಂದರ್ಥ. ಮೊನ್ನೆ ಸೇರಿದ ಹುಡುಗ ಅದನ್ನು ‘ಮೇಕಪ್’ ಎಂದು ಕೇಳಿಸಿಕೊಂಡರೆ ಒಂದು ದೃಶ್ಯ ಆಯಿತು. ಕ್ಯಾನ್ವಾಸ್ ಹೋಸನ್ನು ಒದ್ದೆಯಾಗಿ ಸುತ್ತಿಟ್ಟರೆ ಕೊಳೆಯುತ್ತದೆ, ತೊಳೆದು ನೇತುಹಾಕಿ ಒಣಗಿಸಬೇಕು. ಶಿರಸಿಯ ಮಳೆಗಾಲದಲ್ಲಿ ಅದನ್ನು ಒಣಗಿಸುವ ಪಾಡು ಇನ್ನೊಂದು ದೃಶ್ಯ.

ನೀರಿನ ಪೇಚಾಟ ಎಲ್ಲಕ್ಕಿಂತ ಒಳ್ಳೆಯ ವಸ್ತು. ಟ್ಯಾಂಕು 4,500 ಲೀಟರಿನದು ಅಂತಿಟ್ಟುಕೊಳ್ಳಿ. ನಿಮಿಷಕ್ಕೆ 450 ಲೀಟರ್ ಬಿಟ್ಟರೆ ಹತ್ತೇ ನಿಮಿಷಕ್ಕೆ ಖಾಲಿ. ಆಮೇಲೆ ಕೆರೆಯೋ ಬಾವಿಯೋ ಹುಡುಕಬೇಕು. ಪಂಪು ಒಳಗಿನ ಗಾಳಿ ತೆಗೆದಾಗ ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ನೂಕುತ್ತದೆ. ಹಾಗಾಗಿ ನೀರು ಸುಮಾರು 7 ಮೀಟರಿಗಿಂತ ಕೆಳಗಿದ್ದರೆ ಎಳೆಯುವುದು ಕಷ್ಟ. ನೀರೆಳೆಯುವ ಸಕ್ಷನ್ ಪೈಪಿನ ಜೋಡಣೆಯಲ್ಲಿ ವಾಷರ್ ಸರಿದರೆ ಗಾಳಿ ನುಗ್ಗಿ, ಎಂಜಿನ್ ಅರಚುತ್ತದೆಯೇ ಹೊರತು ನೀರು ಬರುವುದಿಲ್ಲ. ಚಾಲಕ, ವಾಷರ್ ಹುಡುಕುವ ಹುಡುಗ, ತೋಟದ ಯಜಮಾನರು, ಮೂರೇ ದನಿ ಸಾಕು. ನಾಲ್ಕನೆಯ ಗಂಡುದನಿ ಬಂದರೆ ಕೇಳುಗರಿಗೆ ಯಾರು ಯಾರೆಂದು ತಿಳಿಯದು.

“ಹೆಗಡೇರೆ, ಬಾವಿ ಎಷ್ಟು ಆಳ?”
“ಮಳೆಗಾಲದ್ದು ಹೇಳಲೋ, ಬೇಸಿಗೆದು ಹೇಳಲೋ?”

ಇಷ್ಟು ಸಾಕು. ಮುಂದಿನದನ್ನು ಎಂಜಿನ್ ಸದ್ದಿಗೆ ಬಿಡಿ.

ಪ್ರಶ್ನೆ: ಬೆಂಕಿ, ನೀರಿನ ಸದ್ದು ಮನೆಯಲ್ಲೇ ಮಾಡಿಕೊಳ್ಳಬಹುದೇ?
– ಓದುಗರು, ಕುಮಟಾ

ಉತ್ತರ: ಆಗುತ್ತದೆ. ಹೂಗುಚ್ಛಕ್ಕೆ ಸುತ್ತುವ ಸೆಲ್ಲೋಫೇನನ್ನು ಮೈಕಿನಿಂದ ಅರ್ಧ ಅಡಿ ದೂರದಲ್ಲಿ ಮುದುಡಿ, ಮೆಲ್ಲಗೆ ಸಡಿಲ ಬಿಡಿ. ಅದು ತಾನಾಗಿ ಬಿಚ್ಚಿಕೊಳ್ಳುವಾಗಿನ ಚಿಟಪಟವೇ ಬೆಂಕಿ. ಹಾಲಿನ ತೊಟ್ಟೆ ಮೆತ್ತಗಿರುವುದರಿಂದ ಪ್ಲಾಸ್ಟಿಕ್ ಚೀಲದ ಸದ್ದೇ ಬರುತ್ತದೆ. ಮರ ಮುರಿಯುವುದಕ್ಕೆ ಒಣಗಿದ ಅಡಿಕೆ ಹಾಳೆ ಒಳ್ಳೆಯದು, ಆದರೆ ನಿಮ್ಮ ಕರಾವಳಿಯ ತೇವಕ್ಕೆ ಬೇಗ ಮೆತ್ತಗಾಗುತ್ತದೆ. ಧ್ವನಿಮುದ್ರಣದ ದಿನದವರೆಗೂ ಒಲೆಯ ಬಿಸಿ ತಾಗುವಲ್ಲಿ ಇಟ್ಟಿರಿ. ನಲ್ಲಿಯನ್ನು ಖಾಲಿ ಬಕೆಟ್ಟಿಗೆ ಬಿಟ್ಟರೆ ಬಚ್ಚಲುಮನೆ ಕೇಳಿಸುತ್ತದೆ. ಪೈಪಿನ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ತಗಡಿಗೆ ಹೊಡೆಯಿರಿ, ಮೈಕು ಹತ್ತಡಿ ಆಚೆ ಇರಲಿ. ಠಾಣೆಯ ಗಂಟೆಗೆ ಜಾಗಟೆ ನಡೆಯುತ್ತದೆ. ಬಾರಿಸಿದ ಕೂಡಲೇ ಕೈಯಲ್ಲಿ ಹಿಡಿದು ನಿಲ್ಲಿಸಿ, ಇಲ್ಲವಾದರೆ ಅದರ ಗುಂಯ್‌ ಮೊದಲ ಮಾತನ್ನೇ ನುಂಗಿಬಿಡುತ್ತದೆ.