ಮಿತಿ ಇರಲಿ, ಖರೀದಿಯೂ ಇರಲಿ

ಗಂಗಾವತಿಯ ಓದುಗರೊಬ್ಬರ ಪತ್ರ: “ವಿದೇಶದ ರಾಯಭಾರ ಕಚೇರಿಗಳಿಗೆ ಕೊಳ್ಳುವ ಕಲಾಕೃತಿಗಳ ಖರ್ಚಿಗೆ ಅಮೆರಿಕದ ಸಂಸತ್ತು ಕಡಿವಾಣ ಹಾಕಿತ್ತಂತೆ. ನಮ್ಮ ಜಿಲ್ಲೆಯ ಶಾಲೆಗಳ ಮಾಳಿಗೆ ಸೋರುತ್ತಿರುವಾಗ ನಮ್ಮ ಸರ್ಕಾರ ಇಂಥ ಖರ್ಚನ್ನು ಪೂರ್ತಿ ಯಾಕೆ ನಿಲ್ಲಿಸಬಾರದು?”

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅಮೆರಿಕದಲ್ಲೂ ಈ ಮಾತು ಸುಮ್ಮನೆ ಎದ್ದಿಲ್ಲ. ಸೂಜಿಯ ಕಣ್ಣನ್ನು ದಿಟ್ಟಿಸುತ್ತ ನಿಂತ ಬಿಳಿ ಒಂಟೆಯ ಶಿಲ್ಪವೊಂದಕ್ಕೆ, ಅದೂ ಇಸ್ಲಾಮಾಬಾದಿನ ಕಚೇರಿಗೆಂದು, 4 ಲಕ್ಷ ಡಾಲರ್ ಗೊತ್ತುಮಾಡಿದ ಸುದ್ದಿ 2014ರಲ್ಲಿ ಹೊರಬಿತ್ತು. ತೆರಿಗೆ ಕಟ್ಟುವವರು ಕೇಳದೆ ಬಿಡುತ್ತಾರೆಯೇ? ನಿಗದಿತ ಬೆಲೆ ಮೀರಿದ ಕೃತಿ ಕೊಳ್ಳುವ ಮುನ್ನ ಅಲ್ಲಿನ ಸಂಸತ್ತಿನ ಸಮಿತಿಗಳಿಗೆ ತಿಳಿಸಬೇಕೆಂಬ ಕಟ್ಟಳೆ ನನಗೂ ಒಪ್ಪಿಗೆ.

ಪೂರ್ತಿ ನಿಲ್ಲಿಸಿ ಎಂಬುದನ್ನು ಮಾತ್ರ ಒಪ್ಪಲಾರೆ. ಖರೀದಿಯೇ ನಿಂತರೆ ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಮರದ ಮೂರ್ತಿ ಮಾಡುವ ಚಿತ್ರಗಾರರಿಗೆ ರಾಯಭಾರ ಕಚೇರಿಗಳ ಬಾಗಿಲು ತೆರೆಯುವುದೇ ಇಲ್ಲ. ಅಲ್ಲಿ ಒಂದು ಗರುಡನ ಮೂರ್ತಿ ಹೇಗೆ ಆಗುತ್ತದೆಂದು ನೋಡಿದ್ದೀರಾ? ಹಗುರ ಮರದ ತುಂಡುಗಳನ್ನು ಕೆತ್ತಿ ಜೋಡಿಸಿ, ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ಮಿಶ್ರಣದಿಂದ ಸಂದು ಮುಚ್ಚುತ್ತಾರೆ. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಒಡವೆಗಳನ್ನು ಉಬ್ಬಾಗಿ ಬಿಡಿಸುತ್ತಾರೆ. ಬಣ್ಣ ಕೊನೆಗೆ. ಈ ಕಲೆ ಈ ಊರಿನದೇ ಎಂದು ಗುರುತಿಸುವ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಆದರೆ ಮಾನ್ಯತೆಯಿಂದ ಒಲೆ ಉರಿಯುವುದಿಲ್ಲ, ಆರ್ಡರ್ ಬೇಕು. ಆ ಒಂಟೆಯ ಬೆಲೆಯಲ್ಲಿ ಇಂಥ ಮೂರ್ತಿಗಳು ಎಷ್ಟು ಕಚೇರಿಗಳಿಗೆ ಸಾಲುತ್ತಿದ್ದವು, ಲೆಕ್ಕ ಹಾಕಿ. ಮಿತಿ ಎಷ್ಟೇ ಬಿಗಿಯಾದರೂ ನಮ್ಮವರ ಕೆಲಸ ಅದರೊಳಗೇ ಇರುತ್ತದೆ.

ಕೊಳ್ಳದೆಯೂ ತೋರಿಸಬಹುದು. ರಾಯಭಾರ ಕಚೇರಿಗಳಲ್ಲಿ ಕಲೆ ತೋರಿಸಲೆಂದು 1963ರಲ್ಲಿ ಶುರುವಾದ ಅಮೆರಿಕದ ಯೋಜನೆಯಲ್ಲಿ ರಾಯಭಾರಿಗಳ ನಿವಾಸಕ್ಕೆ ಬಹಳಷ್ಟು ಕೃತಿಗಳು ಎರವಲಾಗಿ ಬರುತ್ತವೆ. ಬ್ರಿಟನ್ ತನ್ನ ಸರ್ಕಾರಿ ಸಂಗ್ರಹದಿಂದಲೇ ಕಳಿಸುತ್ತದೆ. ಅದು ದೊಡ್ಡ ವರ್ಣಚಿತ್ರಗಳಿಗೆ ಸರಿ, ಕಿನ್ನಾಳದವರಿಗೆ ಬೇಕಾದದ್ದು ಆರ್ಡರ್.

ನನ್ನನ್ನು ಕಾಡುವುದು ಟೆಂಡರ್ ಪದ್ಧತಿ. ಕಡಿಮೆ ದರಕ್ಕೇ ಆರ್ಡರ್ ಎಂದರೆ ಹುಣಸೆಬೀಜದ ಅಂಟಿನ ಜಾಗಕ್ಕೆ ಅಂಗಡಿಯ ಫೆವಿಕಾಲ್ ಬರುತ್ತದೆ, ಲಾಭ ಮಧ್ಯವರ್ತಿಯ ಜೇಬು ಸೇರುತ್ತದೆ. ವಿದೇಶಾಂಗ ಸಚಿವಾಲಯ ಮಿತಿ ಗೊತ್ತುಮಾಡಲಿ, ಕೊಟ್ಟ ಬೆಲೆ ಪ್ರಕಟಿಸಲಿ, ಮಾಡಿದವರ ಕೈಯಿಂದಲೇ ಕೊಳ್ಳಲಿ, ಅವರ ಹೆಸರು ಮೂರ್ತಿಯ ಕೆಳಗೆ ಬರೆಸಲಿ.

ಇನ್ನು ಮಾಳಿಗೆ. ರಾಯಭಾರ ಕಚೇರಿಯದು ಕೇಂದ್ರದ ದುಡ್ಡು. ಅಲ್ಲಿ ಉಳಿಸಿದ್ದು ತಾನಾಗಿ ಕೊಪ್ಪಳದ ಶಾಲೆಗೆ ಹರಿದು ಬರುವುದಿಲ್ಲ. ಮಾಳಿಗೆ ರಿಪೇರಿಯನ್ನು ಶಿಕ್ಷಣ ಇಲಾಖೆ ಮತ್ತು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯನ್ನೇ ಕೇಳಬೇಕು. ಸೋರುವ ಶಾಲೆಗಳ ಹೆಸರು, ಫೋಟೊ ಕಳಿಸಿಕೊಡಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.