ಹನ್ನೊಂದು ಗಂಟೆಯ ಸಿಟ್ಟು

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಎಪ್ಪತ್ತಾರರ ಅಜ್ಜಿಯನ್ನು ಸೊಸೆ ಕರೆತಂದಿದ್ದರು. "ಬೆಳಿಗ್ಗೆ ಹನ್ನೊಂದಾಗ್ತಿದ್ದ ಹಾಗೆ ಅತ್ತೆ ಸುಮ್ಮಸುಮ್ಮನೆ ರೇಗ್ತಾರೆ ಮೇಡಂ, ಮಾತು ತೊದಲುತ್ತೆ. ಊಟ ಆದ್ಮೇಲೆ ಮಾಮೂಲಿ ಥರ ಇರ್ತಾರೆ." ಮನೆಯವರು ಮರೆವಿನ ಕಾಯಿಲೆ ಎಂದುಕೊಂಡಿದ್ದರು. ಅಜ್ಜಿ ಕಣ್ಣೊರೆಸಿಕೊಂಡರು: "ಏನಂದೆ ಅಂತಾನೇ ನೆನಪಿರಲ್ಲ ಕಣಮ್ಮ."

ಊಟವಾದ ಮೇಲೆ ಸರಿಹೋಗುತ್ತಾರೆ ಎಂಬ ಮಾತು ನನ್ನನ್ನು ತಡೆದು ನಿಲ್ಲಿಸಿತು. ಚೀಟಿ ನೋಡಿದೆ: ಸಕ್ಕರೆಗೆ ಗ್ಲಿಬೆನ್‌ಕ್ಲಮೈಡ್, ಬಿಪಿಗೆ ಮೆಟೊಪ್ರೊಲಾಲ್. ತಿಂಡಿ ಅರ್ಧ ಇಡ್ಲಿ. ಏಕಾದಶಿಯಂದು ಅದೂ ಇಲ್ಲ, ಮಾತ್ರೆ ಮಾತ್ರ ತಪ್ಪದು. ರೇಗಿದಾಗ ಬೆರಳು ಚುಚ್ಚಿ ನೋಡಿ ಎಂದೆ. ಗ್ಲುಕೋಮೀಟರ್ 52 ತೋರಿಸಿತು (ರಕ್ತದ ಸಕ್ಕರೆ, ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ). 70ಕ್ಕಿಂತ ಕೆಳಗಿಳಿದರೇ ಕಡಿಮೆ, 54ರ ಕೆಳಗೆ ಅಪಾಯ.

"ನಡುಕವೇ ಬರಲಿಲ್ಲವಲ್ಲ?" ಎಂದರು ಸೊಸೆ. ಮುಖ್ಯ ವಿಷಯ ಇದೇ. ಸಕ್ಕರೆ ಇಳಿದಾಗ ಗ್ಲುಕಗಾನ್ ಎಂಬ ಹಾರ್ಮೋನು ಯಕೃತ್ತಿನಿಂದ ಸಕ್ಕರೆ ಬಿಡಿಸುತ್ತದೆ, ಅಡ್ರಿನಲಿನ್ ನಡುಕ, ಎದೆಬಡಿತ ತಂದು ಎಚ್ಚರಿಸುತ್ತದೆ. ವಯಸ್ಸಾದಂತೆ ಈ ಹಾರ್ಮೋನುಗಳ ಸ್ಪಂದನೆ ತಡವಾಗುತ್ತದೆ, ಬಲವೂ ಕುಗ್ಗುತ್ತದೆ. ಯುವಕರಿಗೆ ಸುಮಾರು 65ರಲ್ಲಿ ಲಕ್ಷಣ ಶುರುವಾಗಿ, ಬುದ್ಧಿ ಮಂಕಾಗುವುದು 47ರ ಹತ್ತಿರ. ನಡುವೆ ಏನಾದರೂ ತಿನ್ನಲು ಸಮಯವಿದೆ. ಹಿರಿಯರಲ್ಲಿ ಎರಡೂ 54ರ ಆಸುಪಾಸಿನಲ್ಲಿ ಒಟ್ಟಿಗೇ ಬರುತ್ತವೆ. ತನಗೆ ಏನೋ ಆಗುತ್ತಿದೆ ಎಂದು ತಿಳಿಯಬೇಕಾದ ತಲೆಯೇ ಆಗ ಮಂಕಾಗಿರುತ್ತದೆ. ಅದನ್ನು ಸಿಟ್ಟು ಎಂದು ಬೈಯುವುದು ಅನ್ಯಾಯ. ಇವರ ಬಿಪಿ ಮಾತ್ರೆ ನಡುಕ, ಎದೆಬಡಿತಗಳನ್ನು ಇನ್ನಷ್ಟು ಅಡಗಿಸುತ್ತದೆ. ಬೆವರನ್ನು ಮಾತ್ರ ಅಡಗಿಸದು.

ಸೊಸೆಗೆ ಹೇಳಿದ್ದಿಷ್ಟು: ಅತ್ತೆ ರೇಗಿದರೆ ವಾದಕ್ಕಿಳಿಯಬೇಡಿ, ಕತ್ತಿನ ಹಿಂದೆ ಬೆವರಿದೆಯೇ ಮುಟ್ಟಿ ನೋಡಿ, ಸಕ್ಕರೆ ಪರೀಕ್ಷಿಸಿ. ಕಡಿಮೆಯಿದ್ದರೆ ಮೂರು ಟೀ ಚಮಚ ಸಕ್ಕರೆ ಕದಡಿದ ನೀರು ಕೊಟ್ಟು, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಮೈಸೂರು ಪಾಕ್ ಬೇಡ, ತುಪ್ಪವಿರುವ ಸಿಹಿ ನಿಧಾನವಾಗಿ ಏರಿಸುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ, ಈ ವಾರವೇ ವೈದ್ಯರಿಗೆ ತೋರಿಸಿ.

ಅಜ್ಜಿಗೆ ಉಪವಾಸ ಬಿಡಿ ಎನ್ನಲು ನನಗೆ ಮನಸ್ಸಾಗಲಿಲ್ಲ. ಆ ದಿನದ ಮಾತ್ರೆ ಹೇಗೆಂದು ವೈದ್ಯರನ್ನು ಮೊದಲೇ ಕೇಳಿ, ಹಾಲು ಹಣ್ಣು ತಪ್ಪಿಸಬೇಡಿ ಎಂದೆ, ಒಪ್ಪಿದರು.

ಮೂತ್ರಪಿಂಡದ ಶಕ್ತಿ ಕುಗ್ಗಿದ್ದು ಕಂಡು ವೈದ್ಯರು ಗ್ಲಿಬೆನ್‌ಕ್ಲಮೈಡ್ ನಿಲ್ಲಿಸಿ ಬೇರೆ ಔಷಧಿ ಕೊಟ್ಟರು. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ರಕ್ತಪರೀಕ್ಷೆ) ಶೇಕಡಾ 8ರೊಳಗಿದ್ದರೆ ಸಾಕೆಂದರು. ಮರೆವಿನ ಪರೀಕ್ಷೆಯನ್ನು ಸಕ್ಕರೆ ಸ್ಥಿರವಾದ ಮೇಲೆ ಮಾಡಿಸಲು ಹೇಳಿದ್ದೇನೆ.